ಟಾಗೋರ್ ಬೀಚಿನ ಒದ್ದೆ ಮರಳು, ಎದೆಮಟ್ಟದ ನೀರು: ಪಲ್ಸ್ ಇಂಡಕ್ಷನ್ (ಪಿಐ) ಮೆಟಲ್ ಡಿಟೆಕ್ಟರ್ ತಗೊಳ್ಳೋದು ಸರಿಯಾ?

ಬೈತಖೋಲ್_ಬದಿ

ಕೈಯಲ್ಲಿರೋದು ಗ್ಯಾರೆಟ್ ಎಟಿ ಪ್ರೊ, 15 ಕಿಲೋಹರ್ಟ್ಸ್‌ನ ಒಂದೇ ಫ್ರೀಕ್ವೆನ್ಸಿಯ ವಿಎಲ್‌ಎಫ್ (ತೀರ ಕೆಳ ಫ್ರೀಕ್ವೆನ್ಸಿಯ) ಮಶಿನ್. ಕಾರವಾರದ ಟಾಗೋರ್ ಬೀಚಿನ ಒಣ ಮರಳಲ್ಲಿ ತಕರಾರಿಲ್ಲ. ತೆರೆ ಬಂದು ಹೋಗುವ ಪಟ್ಟಿಗೆ ಇಳಿದ ಕೂಡಲೇ ಒಂದೇ ಸಮ ಕೂಗ್ತದೆ. ಗ್ರೌಂಡ್ ಬ್ಯಾಲೆನ್ಸ್, ಅಂದರೆ ನೆಲದ ಸದ್ದು ಕಳೆಯುವ ಹೊಂದಾಣಿಕೆ, ಒದ್ದೆ ಮರಳಿಗೆ ಮಾಡಿದರೆ ನೀರು ಬಂದಾಗ ಹದ ತಪ್ತದೆ, ನೀರಿಗೆ ಹೊಂದಿಸಿದರೆ ಮರಳಲ್ಲಿ ತಪ್ತದೆ. ಸೆನ್ಸಿಟಿವಿಟಿ ಅರ್ಧಕ್ಕಿಂತ ಕೆಳಗೆ ತಂದರೆ ಸುಮ್ಮನಾಗ್ತದೆ, ಆದರೆ ಆಗ ಗೇಣು ಆಳದ ಉಂಗುರವೂ ಕೇಳೋದಿಲ್ಲ.

ಪಿಐ ಮಶಿನ್‌ಗೆ ಉಪ್ಪಿನ ಕಾಟ ಇಲ್ಲ ಅಂತಾರೆ. ನಿಜವಾ? ಗೋಕರ್ಣದ ಕುಡ್ಲೆ, ಓಂ ಬೀಚಿನ ಬದಿ ಗುಡ್ಡದಿಂದ ಬಿದ್ದ ಚಿರೆಕಲ್ಲು (ಜಂಬಿಟ್ಟಿಗೆ) ಬಹಳ, ಅಲ್ಲಿ ಏನು ಕಥೆ? ಮಾಜಾಳಿಯಾಚೆ ತಿಳಮಾತಿಯ ಕಪ್ಪು ಮರಳಿನಲ್ಲಿ? ಬಳಸಿದ ಪಿಐ ಮಶಿನ್, ಗ್ಯಾರೆಟ್ ಸೀ ಹಂಟರ್ ಮಾರ್ಕ್ 2 ಒಂದು ಮಾರಾಟಕ್ಕಿದೆ. ಇಲ್ಲವಾದರೆ ಪಿರಾತ್ ಅನ್ನುವ ಸರಳ ಪಿಐ ಸರ್ಕ್ಯೂಟ್ ಮನೆಯಲ್ಲೇ ಕಟ್ಟಿ, ನೆಲದ ಮೇಲೆ ಬೀಸುವ ತಂತಿಸುರುಳಿ (ಕಾಯಿಲ್) ಸೀಲ್ ಮಾಡುವ ಯೋಚನೆ. ಎದೆಮಟ್ಟದ ನೀರಿಗಿಂತ ಆಳಕ್ಕೆ ಹೋಗೋದಿಲ್ಲ.

ಅಳಿವೆ_ಬಾಯಿ

ಉಪ್ಪಿನ ಮಾತು ನಿಜ, ಅರ್ಧ ಮಟ್ಟಿಗೆ. ಉಳಿದರ್ಧ ನೀವು ಕೇಳಿದ ಚಿರೆಕಲ್ಲಿನಲ್ಲಿದೆ.

ವಿಎಲ್‌ಎಫ್ ನಿರಂತರವಾಗಿ ಸಿಗ್ನಲ್ ಕಳಿಸ್ತಾ, ತಿರುಗಿ ಬಂದದ್ದರ ಫೇಸ್, ಅಂದರೆ ಅಲೆ ಎಷ್ಟು ಹಿಂದೆ ಬಿದ್ದಿದೆ ಅಂತ ನೋಡಿ ಲೋಹ ಯಾವುದು ಅಂತ ಅಂದಾಜು ಮಾಡ್ತದೆ. ಸಮುದ್ರದ ನೀರು ತಾನೇ ವಾಹಕ, ಅದರ ಫೇಸ್ ತೆಳು ಚಿನ್ನ ಮತ್ತು ಸಿಗರೇಟ್ ಪ್ಯಾಕಿನ ಬೇಗಡೆಯ ಫೇಸಿನ ಹತ್ತಿರವೇ ಬೀಳ್ತದೆ. ಒಂದೇ ಫ್ರೀಕ್ವೆನ್ಸಿ ಇಟ್ಟುಕೊಂಡು ಮರಳಿನ ಖನಿಜ, ಉಪ್ಪು ಎರಡನ್ನೂ ಒಟ್ಟಿಗೆ ಕಳೆಯಲಿಕ್ಕೆ ಆಗೋದಿಲ್ಲ. ನಿಮ್ಮ ಮಶಿನ್ ಹಾಳಾಗಿಲ್ಲ, ಅದರ ಮಿತಿಯೇ ಅದು.

ಪಿಐ ಕೆಲಸದ ರೀತಿ ಬೇರೆ. ಕಾಯಿಲ್‌ಗೆ ಕರೆಂಟ್ ಹರಿಸಿ ಥಟ್ಟನೆ ಕಡಿಯುತ್ತದೆ. ಕಡಿದ ಕ್ಷಣ ಕಾಯಿಲ್‌ನಲ್ಲಿ 200ರಿಂದ 400 ವೋಲ್ಟ್ ಪುಟಿದು ಇಳೀತದೆ. ಅದು ಇಳಿದ ಮೇಲೆ ಕೆಲವು ಮೈಕ್ರೊಸೆಕೆಂಡ್ ಕಾದು, ಲೋಹದೊಳಗೆ ಸುತ್ತುತ್ತಿರುವ ಎಡ್ಡಿ ಕರೆಂಟ್ ಇನ್ನೂ ಉಳಿದಿದೆಯಾ ಅಂತ ಕೇಳುತ್ತದೆ. ಗಂಟೆ ಹೊಡೆದಾದ ಮೇಲೆ ಉಳಿದ ನಾದ ಕೇಳಿದ ಹಾಗೆ. ಸಮುದ್ರದ ನೀರಿನ ನಾದ ಸುಮಾರು 10 ಮೈಕ್ರೊಸೆಕೆಂಡಿನೊಳಗೆ ಬಹುಪಾಲು ಸತ್ತಿರ್ತದೆ. ಹಾಗಾಗಿ ಕಾಯುವ ಹೊತ್ತು, ಅಂದರೆ ಡಿಲೇ, 12ರಿಂದ 15ರಲ್ಲಿದ್ದರೆ ಉಪ್ಪು ಕೇಳೋದೇ ಇಲ್ಲ.

ಆದರೆ ಅದೇ ಡಿಲೇಯಲ್ಲಿ ತೆಳು ಚಿನ್ನವೂ ಸತ್ತಿರ್ತದೆ, ಪಿಐಯ ಪೇಚು ಇಲ್ಲೇ. 22 ಕ್ಯಾರೆಟ್ಟಿನ ದಪ್ಪ ಉಂಗುರ ಪೂರ್ತಿ ಮುಚ್ಚಿದ ಬಳೆ, ಕರೆಂಟ್ ಸುತ್ತಲಿಕ್ಕೆ ದಾರಿ ಇದೆ, ಚೆನ್ನಾಗಿ ಕೇಳ್ತದೆ. ಸರ ಹಾಗಲ್ಲ. ಕೊಂಡಿ ಕೊಂಡಿಗೆ ತಾಗುವ ಜಾಗ ತೀರ ಸಣ್ಣದು, ಮಶಿನ್‌ಗೆ ಕಾಣೋದು ಒಂಟಿ ಕೊಂಡಿಯಷ್ಟೇ. ಎರಡು ತೊಲೆಯ ಸರಕ್ಕಿಂತ ಅದರ ಪದಕ ಜೋರಾಗಿ ಕೂಗ್ತದೆ. ಕರಿಮಣಿ ಸರದಲ್ಲಿ ಕೇಳಿದರೆ ತಾಳಿ ಕೇಳಬೇಕು. ತುದಿ ಕೂಡದ ಕಾಲುಂಗುರ, ಬಾಯಿ ತೆರೆದ ಕಿವಿಯೋಲೆ ತಮ್ಮ ತೂಕಕ್ಕಿಂತ ಕಡಿಮೆ ಸದ್ದು ಮಾಡ್ತವೆ.

ಈಗ ಚಿರೆಕಲ್ಲು. ಅದರಲ್ಲಿರುವ ಸೂಕ್ಷ್ಮ ಕಬ್ಬಿಣದ ಖನಿಜ ಪಲ್ಸ್ ಬಡಿದಾಗ ಕಾಂತವಾಗಿ, ಪಲ್ಸ್ ನಿಂತ ಮೇಲೆ ನಿಧಾನಕ್ಕೆ ಇಳೀತದೆ. ಆ ನಿಧಾನದ ಇಳಿತ ಪಿಐಗೆ ಲೋಹದ ಹಾಗೇ ಕೇಳ್ತದೆ. ಡಿಲೇ ಏರಿಸಿದರೆ ಕಡಿಮೆಯಾಗ್ತದೆಯೇ ಹೊರತು ಪೂರ್ತಿ ಹೋಗೋದಿಲ್ಲ. ಚಿನ್ನದ ಗಣಿಗಾರಿಕೆಯವರ ಪಿಐ ಮಶಿನ್‌ಗಳಲ್ಲಿ ಗ್ರೌಂಡ್ ಬ್ಯಾಲೆನ್ಸ್ ಇರೋದು ಇದಕ್ಕೇ. ಸೀ ಹಂಟರ್, ಪಿರಾತ್ ಎರಡರಲ್ಲೂ ಅದಿಲ್ಲ. ಕುಡ್ಲೆಯಲ್ಲಿ ಗುಡ್ಡದ ಬುಡ ಬಿಟ್ಟು ನಡುವಿನ ಮರಳಿಗೆ ಬನ್ನಿ. ಮುಷ್ಟಿಗಾತ್ರದ ಕಲ್ಲೊಂದನ್ನು ಕಾಯಿಲ್ ಮುಂದೆ ಆಡಿಸಿ ಅದರ ಸದ್ದನ್ನು ಕಿವಿಗೆ ಹಾಕಿಕೊಳ್ಳಿ: ಅಂಚು ಇಲ್ಲದ ಅಗಲ ಗುಂಯ್, ಕಾಯಿಲ್ ಎರಡಂಗುಲ ಎತ್ತಿದರೆ ಮಾಯ. ಲೋಹದ ಸದ್ದಿಗೆ ಶುರು, ಕೊನೆ ಎರಡೂ ಸ್ಪಷ್ಟ.

ತಿಳಮಾತಿಗೆ ಹೋಗುವ ಮೊದಲು ಪ್ಲಾಸ್ಟಿಕ್ ಚೀಲದೊಳಗೆ ಸ್ಪೀಕರ್ ಅಯಸ್ಕಾಂತ ಇಟ್ಟು ಮರಳಿನ ಮೇಲೆ ಎಳೆದು ನೋಡಿ. ಅಂಟುವ ಕಪ್ಪು ಕಣ ಬರೀ ಮ್ಯಾಗ್ನೆಟೈಟ್ ಆದರೆ ಪಿಐಗೆ ಅಷ್ಟಾಗಿ ಲೆಕ್ಕಕ್ಕಿಲ್ಲ. ವಿಎಲ್‌ಎಫ್ ಒದ್ದಾಡುವ ಕಪ್ಪು ಮರಳಿನಲ್ಲಿ ಪಿಐ ಆಳ ಉಳಿಸಿಕೊಳ್ಳೋದು ಈ ಕಾರಣಕ್ಕೆ.

ಶಿರಸಿ_ಸರ್ಕ್ಯೂಟ್

ಕಟ್ಟುವ ವಿಷಯಕ್ಕೆ ಬರ್ತೇನೆ. ಪಿರಾತ್‌ನ ಸರ್ಕ್ಯೂಟ್ ಸುಲಭ, ನೀರಿಗಿಳಿಸೋದು ಕಷ್ಟ.

ಕಾಯಿಲ್: 20 ಸೆಂಮೀ ವ್ಯಾಸಕ್ಕೆ 0.5 ಮಿಮೀ ಎನಾಮಲ್ ತಂತಿ 25 ಸುತ್ತು. 25 ಗೇಜ್ ಅಂತ ಕೇಳಿದರೆ ಮೋಟರ್ ರಿವೈಂಡಿಂಗ್ ಅಂಗಡಿಯಲ್ಲಿ ಸಿಗ್ತದೆ. ತಂತಿ ಸುಮಾರು 16 ಮೀಟರ್ ಹಿಡೀತದೆ, ರೆಸಿಸ್ಟೆನ್ಸ್ 1.4 ಓಮ್ ಸುತ್ತಮುತ್ತ, ಇಂಡಕ್ಟೆನ್ಸ್ 280ರಿಂದ 300 ಮೈಕ್ರೊಹೆನ್ರಿ. ಮಲ್ಟಿಮೀಟರ್ 1 ಓಮ್‌ಗಿಂತ ಕೆಳಗೆ ತೋರಿಸಿದರೆ ಸುತ್ತಿನೊಳಗೆ ಎಲ್ಲೋ ಶಾರ್ಟ್, ಬಿಚ್ಚಿ. ಎನಾಮಲ್ ತಂತಿಯನ್ನು ಬಿಗಿಯಾಗಿ ಸುತ್ತಿದಷ್ಟೂ ಒಳ ಕೆಪಾಸಿಟೆನ್ಸ್ ಹೆಚ್ಚಿ ಪುಟಿತ ಇಳಿಯೋದು ತಡ. ಟೆಫ್ಲಾನ್ ಹೊದಿಕೆಯ ಎಳೆತಂತಿ ಹಾಕಿದರೆ ಸುತ್ತಿನ ನಡುವೆ ಜಾಗ ಉಳೀತದೆ, ಡಿಲೇ ಇನ್ನೂ ಕೆಳಗೆ ತರಬಹುದು. ಕೇಬಲ್‌ಗೂ ಇದೇ ಮಾತು. ಆರ್‌ಜಿ58 ಮೀಟರಿಗೆ 100 ಪಿಕೊಫ್ಯಾರಡ್ ಕೂಡಿಸ್ತದೆ, ಒಂದೂವರೆ ಮೀಟರಿಗಿಂತ ಉದ್ದ ಬೇಡ.

ಕಾಯಿಲ್‌ನ ಪುಟಿತ ತಣಿಸುವ ಡ್ಯಾಂಪಿಂಗ್ ರೆಸಿಸ್ಟರನ್ನು ನಕ್ಷೆಯಲ್ಲಿ ಬರೆದಷ್ಟೇ ಹಾಕಿ ಬಿಡಬೇಡಿ. ನಿಮ್ಮ ಕಾಯಿಲ್, ನಿಮ್ಮ ಕೇಬಲ್‌ಗೆ ತಕ್ಕದ್ದು 220 ಓಮಿಂದ 1 ಕಿಲೋಓಮ್ ನಡುವೆ ಎಲ್ಲೋ ಇರ್ತದೆ. ತಾತ್ಕಾಲಿಕವಾಗಿ ಪಾಟ್ (ತಿರುಗಿಸಿ ಓಮ್ ಬದಲಿಸುವ ರೆಸಿಸ್ಟರ್) ಹಾಕಿ, ಆಸಿಲೋಸ್ಕೋಪಿನಲ್ಲಿ ಗೆರೆ ತೂಗಾಡದೆ ಬೇಗ ನೆಲಮುಟ್ಟುವ ಓಮ್ ಹುಡುಕಿ, ಅಷ್ಟೇ ಓಮಿನ 2 ವ್ಯಾಟಿನ ಮೆಟಲ್ ಆಕ್ಸೈಡ್ ರೆಸಿಸ್ಟರ್ ಹಾಕಿ. ವೈರ್‌ವೌಂಡ್ ಬೇಡ, ಅದೇ ಇನ್ನೊಂದು ಕಾಯಿಲ್. ರೆಸಿಸ್ಟರಿನ ಓಮ್ ಹೆಚ್ಚಾದರೆ ಗೆರೆ ತೂಗಾಡಿ ಕಾಯಿಲ್ ನೀರು ಮುಟ್ಟಿದಾಗಲೆಲ್ಲ ಕೂಗ್ತದೆ, ಕಡಿಮೆಯಾದರೆ ಇಳಿತ ತಡವಾಗಿ ಸಣ್ಣ ಉಂಗುರ ಹೋಗ್ತದೆ.

ಶೀಲ್ಡ್ (ವಿದ್ಯುತ್ ತಡೆಯುವ ಹೊದಿಕೆ) ಇಲ್ಲದ ಕಾಯಿಲ್ ಗಾಳಿಯಲ್ಲಿ ಚಂದ, ಸಮುದ್ರದಲ್ಲಿ ದಂಡ. ನೀರು ಕಾಯಿಲ್ ಜೊತೆ ಕೆಪಾಸಿಟರ್ ಆಗಿ ಕೂತು ತ್ರೆಶ್‌ಹೋಲ್ಡ್ (ಲೋಹ ಇಲ್ಲದಾಗಲೂ ಕೇಳುವ ಸಣ್ಣ ಹಿನ್ನೆಲೆ ಸದ್ದು) ಜಿಗಿಸ್ತದೆ. ದಪ್ಪ ಅಲ್ಯುಮಿನಿಯಂ ಹಾಳೆ ಸುತ್ತಿದರೆ ಅದೇ ಟಾರ್ಗೆಟ್ ಆಗಿ ಕೂತ್ಕೊಳ್ತದೆ. ಗ್ರಾಫೈಟ್ ಪೇಂಟ್ ಬಳಿದು, ಸುತ್ತಿನಲ್ಲಿ ಒಂದು ಕಡೆ 5ರಿಂದ 10 ಮಿಮೀ ಬಿಡುವು ಇಟ್ಟು, ತಂತಿಯೊಂದರಿಂದ ಕೇಬಲಿನ ಜಾಳಿಗೆಗೆ ಜೋಡಿಸಿ. ಬಿಡುವು ಮರೆತರೆ ಶೀಲ್ಡೇ ಶಾರ್ಟಾದ ಸುತ್ತು.

ಸೀಲಿಂಗಿಗೆ ನಿಧಾನ ಗಟ್ಟಿಯಾಗುವ ಎಪಾಕ್ಸಿ ತಗೊಂಡು ಎರಡು ಮೂರು ಪದರದಲ್ಲಿ ಹೊಯ್ಯಿರಿ. ಒಂದೇ ಸಲ ದಪ್ಪ ಹೊಯ್ದರೆ ಬಿಸಿಯೇರಿ ಬಿರುಕು ಬಿಡ್ತದೆ, ಉಪ್ಪುನೀರು ಆ ಬಿರುಕಿನಲ್ಲೇ ದಾರಿ ಮಾಡ್ತದೆ. ಒಳಗೆ ಥರ್ಮೊಕೋಲ್, ಫೋಮ್ ತುಂಬಬೇಡಿ, ಕಾಯಿಲ್ ತೇಲಲಿಕ್ಕೆ ಶುರುವಾದರೆ ಅರ್ಧ ಗಂಟೆಯಲ್ಲಿ ಮಣಿಕಟ್ಟು ಸೋಲ್ತದೆ. ಪಿವಿಸಿ ಕೋಲಿನ ಮೇಲೆ ಕೆಳಗೆ ತೂತು ಕೊರೆದು ನೀರು ತುಂಬುವ ಹಾಗೆ ಬಿಡಿ. ಕಾಯಿಲ್ ಹತ್ತಿರದ ನಟ್ ಬೋಲ್ಟ್ ಎಲ್ಲ ನೈಲಾನ್.

ಸಮುದ್ರಕ್ಕೆ ಹೊರಡುವ ಮುಂಚೆ ಪ್ಲಾಸ್ಟಿಕ್ ಟಬ್ಬಿನಲ್ಲಿ ಪರೀಕ್ಷೆ. ಲೀಟರಿಗೆ 35 ಗ್ರಾಂ ಉಪ್ಪು, 20 ಲೀಟರಿಗೆ 700 ಗ್ರಾಂ. ಅದರಲ್ಲಿ ಕಾಯಿಲ್ ಮುಳುಗಿಸಿ, ಎತ್ತಿ. ತ್ರೆಶ್‌ಹೋಲ್ಡ್ ಕದಲಬಾರದು. ಟಬ್ಬನ್ನು ಸಿಮೆಂಟ್ ನೆಲದ ಮೇಲಿಡಬೇಡಿ, ಒಳಗಿನ ಕಬ್ಬಿಣದ ಸರಳೇ ಕೂಗಿ ತಲೆ ತಿಂತದೆ.

ಇಷ್ಟು ಮಾಡುವ ತಾಳ್ಮೆ ಇಲ್ಲದಿದ್ದರೆ ಸೀ ಹಂಟರ್ ತಗೊಳ್ಳಿ. ಅದು 200 ಅಡಿ ಆಳಕ್ಕೆ ತಯಾರಾದ ಮಶಿನ್, ನಿಮಗೆ ಎದೆಮಟ್ಟ ಸಾಕು. ಹಳೆಯದಾದ್ದರಿಂದ ಕೊಳ್ಳುವ ಮುಂಚೆ ಬ್ಯಾಟರಿ ಕೋಣೆ ತೆರೆದು ಹಸಿರು ಕಿಲುಬು ಇದೆಯಾ, ನೀರು ತಡೆಯುವ ರಬ್ಬರ್ ಬಳೆ (ಓ-ರಿಂಗ್) ಚಪ್ಪಟೆಯಾಗಿದೆಯಾ, ಕೇಬಲ್ ಬುಡ ಬಿರಿದಿದೆಯಾ ನೋಡಿ.

ತದಡಿ_ದಕ್ಕೆ

ಮೇಲಿನವರು ಹೇಳಿದ್ದೆಲ್ಲ ಸರಿ, ಆದರೆ ಟಾಗೋರ್ ಬೀಚಿಗೆ ಪಿಐ ತಗೊಳ್ಳಿ ಅನ್ನೋದಕ್ಕೆ ನನ್ನ ಒಪ್ಪಿಗೆ ಇಲ್ಲ ಮಾರಾಯ್ರೆ. ಅಲ್ಲಿ ಅಂಗಡಿ ಸಾಲು, ಜಾತ್ರೆಯ ಜನ, ಸೋಡಾ ಮುಚ್ಚಳ, ಪೆಂಡಾಲಿನ ಮೊಳೆ, ಹೇರ್‌ಪಿನ್ನು. ಪಿಐ ಕಬ್ಬಿಣವನ್ನು ಬಿಟ್ಟುಕೊಡೋದಿಲ್ಲ, ಚಿನ್ನಕ್ಕಿಂತ ಆಳದಿಂದ ಕೂಗ್ತದೆ. ಒಣ ಮರಳು, ಒದ್ದೆ ಮರಳು ಎರಡಕ್ಕೂ ಈಕ್ವಿನಾಕ್ಸ್ ತರಹದ ಬಹು-ಫ್ರೀಕ್ವೆನ್ಸಿ ಮಶಿನ್ ವಾಸಿ. ಅದು ಉಪ್ಪು, ಖನಿಜ ಎರಡನ್ನೂ ಕಳೆದು ಲೋಹ ಯಾವುದಿರಬಹುದು ಅನ್ನುವ ನಂಬರ್ ತೋರಿಸ್ತದೆ. ಪಿಐಯ ಜಾಗ ಸೊಂಟಮಟ್ಟದ ನೀರು, ಜನ ಸ್ನಾನಕ್ಕೆ ಇಳಿಯುವ ಕಡೆ, ದಡಕ್ಕೂ ಮೊದಲ ಮರಳುದಿಬ್ಬಕ್ಕೂ ನಡುವಿನ ತಗ್ಗು. ತಣ್ಣೀರಿನಲ್ಲಿ ಬೆರಳು ಸಣ್ಣಗಾಗಿ ಜಾರಿದ ಉಂಗುರ ಅಲ್ಲೇ ಬೀಳೋದು, ಭಾರವಿದ್ದದ್ದು ಸಡಿಲ ಮರಳಲ್ಲಿ ಇಳಿದು ಗಟ್ಟಿ ಪದರದ ಮೇಲೆ ಕೂರ್ತದೆ. ಹಗುರ ಕಸ ಅಲೆಗೆ ಮೇಲೆ ಹೋಗಿರ್ತದೆ.

ಸೀ ಹಂಟರ್ ತಗೊಂಡರೆ ಎಲಿಮಿನೇಶನ್ ಗುಂಡಿ ಸೊನ್ನೆಯಲ್ಲೇ ಇರಲಿ. ಅದು ಕಸ ಗುರುತಿಸೋದಲ್ಲ, ಡಿಲೇ ಏರಿಸೋದು. ಬೇಗಡೆ ಜೊತೆ ಸಣ್ಣ ಉಂಗುರವೂ ಹೋಗ್ತದೆ. ತ್ರೆಶ್‌ಹೋಲ್ಡನ್ನು ಕಾಯಿಲ್ ನೀರೊಳಗೆ ಮುಳುಗಿದ ಮೇಲೆ, ಮರಳಿಂದ ಎರಡಂಗುಲ ಮೇಲೆ ಹಿಡಿದು ಹೊಂದಿಸಿ, ಸೊಳ್ಳೆ ಗುಯ್‌ಗುಡುವಷ್ಟೇ ಕೇಳಲಿ. ನಂತರ ಕಾಯಿಲ್ ನೀರಿಂದ ಮೇಲೆ ಬರಬಾರದು. 8 ಇಂಚಿನ ಕಾಯಿಲ್ ಸಾಕು, ದೊಡ್ಡದನ್ನು ಸೆಳೆತದಲ್ಲಿ ತಳ್ಳಲಿಕ್ಕೆ ಆಗೋದಿಲ್ಲ. ಅರ್ಧ ಕಾಯಿಲ್ ಒಂದರ ಮೇಲೊಂದು ಬರುವ ಹಾಗೆ ನಿಧಾನಕ್ಕೆ ಬೀಸಿ. ಇನ್ನೊಬ್ಬರು ಪಿಐ ಹಿಡಿದಿದ್ದರೆ 15 ಮೀಟರ್ ದೂರ ಇರಿ, ಒಂದರ ಪಲ್ಸ್ ಇನ್ನೊಂದಕ್ಕೆ ಕೇಳ್ತದೆ.

ಇನ್ನು ಸೀಸ. ರಂಪಣಿ ಎಳೆಯುವ ದಡದಲ್ಲಿ ಬಲೆಯ ಸೀಸದ ಗುಂಡು ಧಾರಾಳ, ಸದ್ದು ಚಿನ್ನದ ಹಾಗೇ. ಅದಕ್ಕೆ ಮದ್ದಿಲ್ಲ, ತೆಗೆದು ಚೀಲಕ್ಕೆ ಹಾಕೋದೇ. ಒಂದು, ಎರಡು ರೂಪಾಯಿಯ ಈಗಿನ ನಾಣ್ಯ ಅಯಸ್ಕಾಂತಕ್ಕೆ ಅಂಟುವ ಸ್ಟೇನ್‌ಲೆಸ್ ಉಕ್ಕು. ವಿಎಲ್‌ಎಫ್ ಕಬ್ಬಿಣ ಅಂತ ತಳ್ಳಬಹುದು, ಪಿಐ ಎಲ್ಲವನ್ನೂ ಕೂಗಿ ಕರೀತದೆ.

ಬೈತಖೋಲ್_ಬದಿ

ಹಾಗಾದರೆ ಟಾಗೋರ್ ಬೀಚಿನ ಮೇಲ್ಪಟ್ಟಿಗೆ ಈಗಿರೋದೇ ಸಾಕು, ನೀರಿಗೆ ಮಾತ್ರ ಸೀ ಹಂಟರ್. ಎರಡು ಸಂಶಯ. ಮೊಳೆಯನ್ನು ಅಗೆಯದೇ ಗುರುತಿಸುವ ಉಪಾಯ ಏನಾದರೂ ಇದೆಯಾ? ನೀರೊಳಗೆ ಅಗೆಯುವ ಸ್ಕೂಪ್ ಇಲ್ಲೇ ವೆಲ್ಡಿಂಗ್ ಮಾಡಿಸಬಹುದಾ?

ತದಡಿ_ದಕ್ಕೆ

ಮೊಳೆ, ಹೇರ್‌ಪಿನ್ನು ಉದ್ದುದ್ದ ಇದ್ದದ್ದಕ್ಕೆ ಒಂದು ಕಡೆಯಿಂದ ಬೀಸಿದಾಗ ಜೋಡಿ ಸದ್ದು ಬರ್ತದೆ, 90 ಡಿಗ್ರಿ ತಿರುಗಿ ಬೀಸಿದರೆ ಒಂಟಿ. ಉಂಗುರ, ನಾಣ್ಯ ಚಪ್ಪಟೆ ಬಿದ್ದಿದ್ದರೆ ಎರಡೂ ಕಡೆ ಒಂಟಿ ಸದ್ದೇ. ನಂಬಬಹುದಾದ ಉಪಾಯ ಇದೊಂದೇ. ಅದೂ ನಿಂತುಕೊಂಡ ಉಂಗುರದ ಎದುರು ಸೋಲ್ತದೆ, ಹಾಗಾಗಿ ನೀರಲ್ಲಿ ಜೋಡಿ ಸದ್ದನ್ನೂ ತೆಗೆಯಿರಿ. ಕಾಯಿಲ್ ಒಂದು ಮೊಳ ಎತ್ತಿದರೂ ಸದ್ದು ಕಡಿಮೆಯಾಗದಿದ್ದರೆ ಲಂಗರೋ ಡ್ರಮ್ಮೋ ಇರ್ತದೆ, ಬಿಡಿ.

ಸ್ಕೂಪ್ ಇಲ್ಲೇ ಮಾಡಿಸಿ. 304ಕ್ಕಿಂತ 316 ಸ್ಟೇನ್‌ಲೆಸ್ ತಗಡು ಉಪ್ಪಿಗೆ ಬಾಳಿಕೆ, 2 ಮಿಮೀ ದಪ್ಪ. ತೂತು 10 ಮಿಮೀ. 12 ಇದ್ದರೆ ಮರಳು ಬೇಗ ಸೋರ್ತದೆ, ಓಲೆಯೂ ಸೋರ್ತದೆ. ಹಿಂಬದಿ ಕಾಲಿಟ್ಟು ಒತ್ತಲಿಕ್ಕೆ ಪಟ್ಟಿ ಹಾಕಿಸಿ. ಸದ್ದಿನ ನಡು ಗುರುತಿಸಿ ಕಾಯಿಲ್ ಪಕ್ಕದಲ್ಲಿ ಕಾಲ್ಬೆರಳು ಊರಿ, ಕಾಯಿಲ್ ಸರಿಸಿ, ಗುರುತಿಗಿಂತ ಗೇಣು ಹಿಂದೆ ಸ್ಕೂಪ್ ಇಳಿಸಿ ಮುಂದಕ್ಕೆ ಮೀಟಿ. ಗುರುತಿನ ಮೇಲೇ ಒತ್ತಿದರೆ ಉಂಗುರ ಇನ್ನೂ ಕೆಳಗೆ ಹೋಗ್ತದೆ. ಸ್ಕೂಪನ್ನು ನೀರಿಂದ ಮೇಲೆತ್ತುವ ಮೊದಲು ಅಗೆದ ಗುಂಡಿಗೆ ಕಾಯಿಲ್ ಹಿಡಿದು ಮತ್ತೆ ಕೇಳಿ, ಆದರೆ ಸ್ಕೂಪನ್ನು ದೂರ ಹಿಡಿದು, ಇಲ್ಲವಾದರೆ ಸ್ಕೂಪೇ ಕೂಗ್ತದೆ. ಉಕ್ಕಿನ ಮೂತಿಯ ಬೂಟು ಬೇಡ.

ವಾಪಸ್ ಬಂದ ಮೇಲೆ ಸಿಹಿನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ, ಆಮೇಲೆ ಬ್ಯಾಟರಿ ಕೋಣೆ ತೆರೆಯಿರಿ. ದಡದಲ್ಲಿ ತೆರೆದರೆ ಓ-ರಿಂಗಿನ ಮೇಲೆ ಕೂತ ಒಂದು ಮರಳಕಣ ಮುಂದಿನ ಸಲ ಮಶಿನ್ ಮುಳುಗಿಸ್ತದೆ. ಸಿಲಿಕೋನ್ ಗ್ರೀಸ್ ತೆಳ್ಳಗೆ, ಹೊಳಪು ಬರುವಷ್ಟೇ. ಸೋರುವ ಹಳೆ ಸೆಲ್ ಒಳಗೆ ಬಿಟ್ಟು ಮುಚ್ಚಬೇಡಿ, ಬಿಗಿ ಡಬ್ಬಿಯಲ್ಲಿ ಗ್ಯಾಸ್ ಕಟ್ಟಿಕೊಳ್ತದೆ.

ಅಳಿವೆ_ಬಾಯಿ

ಎಲ್ಲಿ ಇಳಿಯಬಾರದು ಅನ್ನೋದೂ ಇರಲಿ. ಬಿಣಗಾದಿಂದ ಅಮದಳ್ಳಿ ತನಕ ನೌಕಾನೆಲೆಯ ಬದಿ, ಅಂಜದೀವ ದ್ವೀಪ ಅಂತೂ ಯೋಚನೆಯೇ ಬೇಡ. ನೇತ್ರಾಣಿ ನೌಕಾಪಡೆ ಗುರಿ ಅಭ್ಯಾಸಕ್ಕೆ ಬಳಸಿದ್ದ ದ್ವೀಪ, ಮೇಲಾಗಿ ಹವಳ; ಅಲ್ಲಿ ಕಬ್ಬಿಣದ ಸದ್ದು ಬಂದರೆ ಅದು ಸ್ಫೋಟವಾಗದ ಶೆಲ್ ಇರಬಹುದು. ಸದಾಶಿವಗಡ, ಮಿರ್ಜಾನ್ ಕೋಟೆಗಳ ಬುಡದಲ್ಲಿ ಮಶಿನ್ ಹೊರತೆಗೆಯಬೇಡಿ. ಕರ್ನಾಟಕ ನಿಧಿ ಕಾಯಿದೆ 1962ರ ಪ್ರಕಾರ ಹೂತಿಟ್ಟ ನಿಧಿ ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕು. ಗುರುತು ಇರುವ ಉಂಗುರ ಸಿಕ್ಕರೆ ಪೊಲೀಸ್ ಠಾಣೆಗೆ ಕೊಟ್ಟು ರಸೀದಿ ತಗೊಳ್ಳಿ. ಚಳಿಗಾಲದಲ್ಲಿ ದೇವಬಾಗ, ಕಾಸರಕೋಡು ಟೊಂಕ ಬದಿ ಕಡಲಾಮೆ ಮೊಟ್ಟೆ ಇಡ್ತವೆ. ಅರಣ್ಯ ಇಲಾಖೆ ಬೇಲಿ ಹಾಕಿದ ಮೇಲ್ದಡದಲ್ಲಿ ಅಗೆಯುವ ಹಾಗಿಲ್ಲ.

ಕಾಲದ ಮಾತಿಗೆ, ಮಳೆಗಾಲದ ತೆರೆ ದಡದ ಮರಳನ್ನು ಹೊತ್ತೊಯ್ದು ಸೆಪ್ಟೆಂಬರ್ ನಂತರ ನಿಧಾನಕ್ಕೆ ವಾಪಸ್ ತರ್ತದೆ. ಆ ಮರಳು ಮತ್ತೆ ಮುಚ್ಚುವ ಮೊದಲಿನ ಅಮಾವಾಸ್ಯೆ ಹುಣ್ಣಿಮೆಯ ಇಳಿತದಲ್ಲಿ ಹಳೆಯ ಗಟ್ಟಿ ಪದರ ಕಾಯಿಲ್‌ಗೆ ಹತ್ತಿರ ಇರ್ತದೆ. ಇಳಿತಕ್ಕೆ ಎರಡು ಗಂಟೆ ಮೊದಲು ನೀರಿಗಿಳಿದು, ನೀರು ತಿರುಗಿದ ಮೇಲೆ ಒಂದು ಗಂಟೆಯೊಳಗೆ ಮೇಲೆ ಬನ್ನಿ. ಒಬ್ಬರೇ ಬೇಡ, ಹೆಡ್‌ಫೋನ್ ಹಾಕಿ ಬಗ್ಗಿದವರಿಗೆ ಹಿಂದಿನ ತೆರೆ ಕೇಳೋದಿಲ್ಲ.