ಎರೆನಾಡಿನ ಹಳೆಯ ಹಿಟ್ಟಿನ ಗಿರಣಿಯ ಚರಿತ್ರೆಯನ್ನು ಬರೆದಿಡುವುದು ಹೇಗೆ?

ಪ್ರಶ್ನೆ (ಯಲಬುರ್ಗಾ):
ನಮ್ಮೂರಿನ ಹಿಟ್ಟಿನ ಗಿರಣಿ ನಿಂತು ಬಹಳ ವರ್ಷಗಳಾಗಿದ್ದು, ಅದರ ಎಣ್ಣೆ ಎಂಜಿನ್ನನ್ನು ಗುಜರಿಗೆ ಹಾಕಲು ಮನೆಯವರು ಯೋಚಿಸುತ್ತಿದ್ದಾರೆ. ಅದು ನಿಜಾಮರ ಕಾಲದ್ದೆಂದು ಹಿರಿಯರು ಹೇಳುತ್ತಾರೆ. ಎಂಜಿನ್ ಹೋಗುವ ಮುನ್ನ ಗಿರಣಿಯ ಕಾಲವನ್ನೂ, ಅದನ್ನು ನಡೆಸಿದ ಹಾಗೂ ನೆಚ್ಚಿಕೊಂಡಿದ್ದ ಮನೆತನಗಳ ವಿವರವನ್ನೂ ಬರೆದಿಡಬೇಕೆಂದಿದ್ದೇನೆ. ಎಲ್ಲಿಂದ ಆರಂಭಿಸಲಿ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ (ರಾಯಚೂರು):
ಮೊದಲು ಎಂಜಿನ್ನಿನ ಮೇಲಿರುವ ತಯಾರಕರ ಫಲಕವನ್ನು ಒರೆಸಿ, ಹೆಸರು ಮತ್ತು ಕ್ರಮಸಂಖ್ಯೆಯ ಚಿತ್ರ ತೆಗೆದುಕೊಳ್ಳಿ. ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ ಪುಣೆಯಲ್ಲಿ ಸ್ಥಾಪನೆಯಾದದ್ದು 1946ರಲ್ಲಿ; ಆ ಹೆಸರಿದ್ದರೆ ಎಂಜಿನ್ ಅದಕ್ಕಿಂತ ಹಿಂದಿನದಲ್ಲ, ಆದರೆ ಹಳೆಯ ಗಿರಣಿಗೆ ಹೊಸ ಎಂಜಿನ್ ಕೂರಿಸಿರಲೂಬಹುದು. ಲೆಕ್ಕದ ಪುಸ್ತಕಗಳು ಸಿಕ್ಕರೆ ನಿಜಾಮರ ಹೈದರಾಬಾದ್ ಸಂಸ್ಥಾನದ ಸ್ವಂತ ನಾಣ್ಯವಾಗಿದ್ದ ಹಾಲಿ ಸಿಕ್ಕಾ ರೂಪಾಯಿಯ ಉಲ್ಲೇಖವಿದೆಯೇ ನೋಡಿ. 1948ಕ್ಕೆ ಮುಂಚಿನ ಸರ್ಕಾರಿ ಕಾಗದಗಳು ಉರ್ದುವಿನಲ್ಲಿರುವ ಸಂಭವ ಹೆಚ್ಚು. ಓದಲು ಬಾರದೆಂದು ಅವನ್ನು ಬದಿಗಿಡಬೇಡಿ. ನಿಮ್ಮ ಯಲಬುರ್ಗಾ ಇರುವ ಕೊಪ್ಪಳ 1997ರವರೆಗೆ ರಾಯಚೂರು ಜಿಲ್ಲೆಗೆ ಸೇರಿತ್ತಾದ್ದರಿಂದ ಹಳೆಯ ಕಡತಗಳನ್ನು ಇಲ್ಲಿಯೂ ವಿಚಾರಿಸಿ.

ಉತ್ತರ (ಕುಷ್ಟಗಿ):
ಕಾಗದಪತ್ರಗಳಿಗಿಂತ ಮೊದಲು, ಗಿರಣಿಗೆ ಕಾಳು ಹೊತ್ತು ಹೋಗುತ್ತಿದ್ದ ಹಿರಿಯ ಹೆಣ್ಣುಮಕ್ಕಳನ್ನು ಮಾತನಾಡಿಸಿರೆಂದು ಒತ್ತಿ ಹೇಳುತ್ತೇನೆ. ಅವರ ನೆನಪು ಎಂಜಿನ್ನಿಗಿಂತ ಬೇಗ ಕೈತಪ್ಪುತ್ತದೆ. ಜೋಳದ ಹಿಟ್ಟು ಹಳೆಯದಾದರೆ ಜಿಗಿ ಕಳೆದುಕೊಂಡು, ರೊಟ್ಟಿ ಬಡಿಯುವಾಗ ಅಂಚು ಒಡೆಯುತ್ತದೆ. ಹೀಗಾಗಿ ತಿಂಗಳುಗಟ್ಟಲೆಗೆ ಬೀಸಿಸಿಡದೆ, ಕೆಲವೇ ದಿನಗಳಿಗೆ ಸಾಲುವಷ್ಟು ಕಾಳನ್ನು ಹಸನು ಮಾಡಿ ತರುತ್ತಿದ್ದರು, ಮತ್ತು ಎಲ್ಲ ಓಣಿಗಳವರೂ ಮೇಲಿಂದ ಮೇಲೆ ಅಲ್ಲಿ ಪಾಳಿ ಕಾಯುತ್ತಿದ್ದುದಕ್ಕೆ ಈ ಹಿಟ್ಟಿನ ಗುಣವೇ ಮುಖ್ಯ ಕಾರಣ. ಬೀಸುವ ಕೂಲಿ ದುಡ್ಡಿನಲ್ಲಿತ್ತೋ ಕಾಳಿನಲ್ಲೋ, ಖಾರ ಬೀಸಲು ಬೇರೆ ಕಲ್ಲಿತ್ತೋ, ಮನೆಯ ಬೀಸುಕಲ್ಲು ನಿಂತ ಮೇಲೆ ಬೀಸುವಾಗ ಹಾಡುತ್ತಿದ್ದ ಪದಗಳು ಏನಾದವು ಎಂಬುದನ್ನು ಕೇಳಿ. ಯಾವ ಕೇರಿಯವರು ಹೊರಗೆ ನಿಲ್ಲಬೇಕಿತ್ತು ಎಂಬುದನ್ನೂ ಕೇಳಲೇಬೇಕು. ಪ್ರಶ್ನೆ ಕಷ್ಟದ್ದೇ, ಆದರೆ ಅದನ್ನು ಬಿಟ್ಟರೆ ನೀವು ಬರೆಯುವುದು ಮಾಲೀಕರ ವಂಶಾವಳಿಯಷ್ಟೇ ಆದೀತು.

ಉತ್ತರ (ಗಂಗಾವತಿ):
ಗಿರಣಿ ಕಲ್ಲಿಗೆ ಉಳಿಯಿಂದ ಕಚ್ಚು (ಕಾಳು ಒಡೆಯುವ ಗೀರು) ಹಾಕುತ್ತಿದ್ದವರ ಮನೆಯನ್ನೂ ಹುಡುಕಿ. ಕಚ್ಚು ಸವೆದ ಕಲ್ಲಿನಲ್ಲಿ ಕಾಳು ಸರಿಯಾಗಿ ಒಡೆಯದೆ ಹಿಟ್ಟು ಕಾಯುತ್ತದೆ. ಆದ್ದರಿಂದ ಅವರ ಕೈಕೆಲಸವಿಲ್ಲದೆ ಗಿರಣಿ ನಡೆಯುವಂತಿರಲಿಲ್ಲ. ನಮ್ಮ ಭಾಗದಲ್ಲಿ ತುಂಗಭದ್ರಾ ಕಾಲುವೆಯ ನೀರು ಬಂದ ಮೇಲೆ ಭತ್ತ ಹೆಚ್ಚಿ, ಅಕ್ಕಿ ಗಿರಣಿಗಳೇ ಮುಂದೆ ಬಂದವು. ಒಣಬೇಸಾಯದ ನಿಮ್ಮ ಕಡೆ ಜೋಳದ ಗಿರಣಿಯ ಗುರುತು ಇನ್ನೂ ಉಳಿದಿರುವುದರಿಂದ, ಎಂಜಿನ್ ಮಾರಿದರೂ ಕಲ್ಲುಗಳ ಜೋಡಿಯನ್ನು ಕೊಡದಂತೆ ಮನೆಯವರನ್ನು ಈಗಲೇ ಕೇಳಿಕೊಳ್ಳಿ.