ನೈಸರ್ಗಿಕ ಅನಿಲ, ಹೊರಗಿನಿಂದ ತಂದ ಕರೆಂಟು: ಇವನ್ನು ಹಸಿರು ಅನ್ನಬಹುದಾ?

ಗಾಳಿಗಿರಣಿ: ಯುರೋಪಿಯನ್ ಒಕ್ಕೂಟ 2022ರಲ್ಲಿ ಷರತ್ತು ಹಾಕಿ ನೈಸರ್ಗಿಕ ಅನಿಲವನ್ನೂ ಹಸಿರು ಹೂಡಿಕೆಯ ಪಟ್ಟಿಗೆ ಸೇರಿಸಿತು. ನೆಲದಿಂದ ತೆಗೆದು ಸುಡುವ ಯಾವುದೂ ಹಸಿರಲ್ಲ. ಪಕ್ಕದ ದೇಶದಲ್ಲಿ ಹೊಗೆ ಬಿಟ್ಟು ತಂದ ಕರೆಂಟನ್ನು "ನಮ್ಮ ಹೊಗೆ ಸೊನ್ನೆ" ಅಂತ ಬರೆದುಕೊಳ್ಳುವುದೂ ಅದೇ ಥರದ ಮೋಸ.

ಟರ್ಬೈನ್ ಮೇಸ್ತ್ರಿ: "ಯಾವುದೂ ಹಸಿರಲ್ಲ" ಅಂತ ಒಂದೇ ಏಟಿಗೆ ತಳ್ಳಿಹಾಕಬೇಡಿ. ಕಲ್ಲಿದ್ದಲಿನಲ್ಲಿ ಯೂನಿಟ್‌ಗೆ ಸುಮಾರು 900ರಿಂದ 1,000 ಗ್ರಾಂ ಕಾರ್ಬನ್ ಡೈಆಕ್ಸೈಡ್ ಬರುತ್ತದೆ. ಒಳ್ಳೆಯ ಗ್ಯಾಸ್ ಸ್ಥಾವರದಲ್ಲಿ 350ರಿಂದ 400, ಅಂದರೆ ಅರ್ಧಕ್ಕಿಂತ ಕಡಿಮೆ. ಗಾಳಿ ನಿಂತ ರಾತ್ರಿ ಗ್ರಿಡ್ ಬೀಳದ ಹಾಗೆ ಹಿಡಿಯುವುದು ಯಾವುದು, ಹೇಳಿ.

ಗಾಳಿಗಿರಣಿ: "ಅರ್ಧಕ್ಕಿಂತ ಕಡಿಮೆ" ಸಾಕಾ? ಯುರೋಪಿನ ಆ ಪಟ್ಟಿಯಲ್ಲೇ ಮಿತಿ ಯೂನಿಟ್‌ಗೆ 270 ಗ್ರಾಂ. ನಿಮ್ಮ 350 ಅಲ್ಲೇ ಫೇಲು.

ಟರ್ಬೈನ್ ಮೇಸ್ತ್ರಿ: ಅರ್ಧ ನಿಯಮ ಓದಿ ಫೇಲು ಮಾಡಬೇಡಿ. ಇನ್ನೊಂದು ದಾರಿಯೂ ಇದೆ. 20 ವರ್ಷದ ಸರಾಸರಿಯಲ್ಲಿ ಸ್ಥಾವರದ ಸಾಮರ್ಥ್ಯದ ಪ್ರತಿ ಕಿಲೋವ್ಯಾಟ್‌ಗೆ ಹೊಗೆ ವರ್ಷಕ್ಕೆ 550 ಕೆಜಿ ದಾಟಬಾರದು. ಬೇಕಾದಾಗ ಮಾತ್ರ ಓಡಿಸಿದರೆ ಪಾಸಾಗಬಹುದು.

ಸೋರಿಕೆ ಲೆಕ್ಕ: ಇಬ್ಬರೂ ಚಿಮಣಿಯನ್ನೇ ನೋಡುತ್ತಿದ್ದೀರಿ. ಬಾವಿ, ಪೈಪುಗಳಲ್ಲಿ ಸುಡದೇ ಸೋರುವ ಮೀಥೇನ್ (ನೈಸರ್ಗಿಕ ಅನಿಲದ ಮುಖ್ಯ ಭಾಗ)? 20 ವರ್ಷದ ಲೆಕ್ಕದಲ್ಲಿ ಅದು ಭೂಮಿಯನ್ನು ಬಿಸಿ ಮಾಡುವ ಶಕ್ತಿ ಅಷ್ಟೇ ತೂಕದ ಕಾರ್ಬನ್ ಡೈಆಕ್ಸೈಡಿನ 80 ಪಟ್ಟು ಮೀರುತ್ತದೆ. ಅಮೆರಿಕದಲ್ಲಿ ತೆಗೆದ ಗ್ಯಾಸಿನಲ್ಲಿ ಸುಮಾರು 2.3% ಸೋರುತ್ತಿದೆ ಅಂತ 2018ರ ಅಧ್ಯಯನವೊಂದು ಹೇಳಿತ್ತು.

ಟರ್ಬೈನ್ ಮೇಸ್ತ್ರಿ: 20 ವರ್ಷ ಯಾಕೆ? 100 ವರ್ಷ ತಗೊಳ್ಳಿ, ಸುಮಾರು 30 ಪಟ್ಟು.

ಸೋರಿಕೆ ಲೆಕ್ಕ: ಮುಂದಿನ 20 ವರ್ಷದಲ್ಲಿ ಬದುಕಬೇಕಾದವರು ನಾವು, ಅದಕ್ಕೆ.

ತಂತಿಯಾಚೆ: ಗ್ಯಾಸ್ ಬಿಡಿ. ಹೊರಗಿನ ಕರೆಂಟೆಲ್ಲ ಮೋಸ ಅಂದಿದ್ದು ತಪ್ಪು. ನಾರ್ವೆಯ ಕರೆಂಟು ಬಹುಪಾಲು ನೀರಿನದು. ಅದು ಸಮುದ್ರದಡಿಯ ಕೇಬಲ್‌ನಲ್ಲಿ ಡೆನ್ಮಾರ್ಕಿಗೂ ಜರ್ಮನಿಗೂ ಹೋಗುತ್ತದೆ. ಐಸ್‌ಲ್ಯಾಂಡಿನ ಹಸಿರು ಕರೆಂಟೂ ಸರ್ಟಿಫಿಕೇಟ್ ಸಮೇತ ಯುರೋಪಿಗೆ ಹೋಗುತ್ತದೆ.

ಗಾಳಿಗಿರಣಿ: ಐಸ್‌ಲ್ಯಾಂಡಿನಿಂದ ಯುರೋಪಿಗೆ ಕೇಬಲ್ಲೇ ಇಲ್ಲ! ಯಾವುದರಲ್ಲಿ ಹೋಗುತ್ತದೆ?

ತಂತಿಯಾಚೆ: ನಾನು ಹೇಳಿದ್ದು ಸರ್ಟಿಫಿಕೇಟಿನ ಮಾತು. ಇಷ್ಟು ಕರೆಂಟು ಹಸಿರು ಮೂಲದ್ದು ಅನ್ನುವ ಕಾಗದ ಅದು, ಕರೆಂಟಿನಿಂದ ಬೇರೆಯಾಗಿಯೇ ಮಾರಬಹುದು.

ಗಾಳಿಗಿರಣಿ: "ಕರೆಂಟೂ ಹೋಗುತ್ತದೆ" ಅಂತ ಬರೆದಿದ್ದೀರಿ. ಮೇಲೆ ಹಾಗೇ ಇದೆ, ಓದಿಕೊಳ್ಳಿ.

ತಂತಿಯಾಚೆ: "ಸರ್ಟಿಫಿಕೇಟ್ ಸಮೇತ" ಅಂತಲೂ ಬರೆದಿದ್ದೇನೆ. ಪದ ಹಿಡಿದು ಜಗ್ಗಬೇಡಿ. ಹಸಿರು ಕರೆಂಟು ಮಾಡಿದವನಿಗೆ ದುಡ್ಡು ಹೋದರೆ ಅವನು ಇನ್ನೂ ಜಾಸ್ತಿ ಮಾಡುತ್ತಾನೆ, ಅಲ್ವಾ?

ಸೋರಿಕೆ ಲೆಕ್ಕ: ಜಾಸ್ತಿ ಎಲ್ಲಿ? ಅಲ್ಲಿ ಆಗಲೇ ಇದ್ದ ಅಣೆಕಟ್ಟುಗಳ ಹೆಸರಲ್ಲೂ ಸರ್ಟಿಫಿಕೇಟ್ ಮಾರಿದ್ದಾರೆ. ಹಾಗೆ ಮಾರಿದ ಹಸಿರಿನ ಜಾಗಕ್ಕೆ ಯುರೋಪಿನ ಮಿಶ್ರ ಕರೆಂಟಿನ ಲೆಕ್ಕ ಬಂದು, ಐಸ್‌ಲ್ಯಾಂಡಿನ ಕಾಗದದಲ್ಲಿ ಕಲ್ಲಿದ್ದಲು, ಅಣು ಕರೆಂಟು ಕಾಣಿಸಿಕೊಂಡಿತು. ಅಲ್ಲಿ ಒಂದೂ ಅಣುಸ್ಥಾವರ ಇಲ್ಲ.

ತಂತಿಯಾಚೆ: ಅದು ಲೆಕ್ಕ ಬರೆಯುವ ಪದ್ಧತಿ. ಇಲ್ಲಿ ಮಾರಿದ್ದನ್ನು ಅಲ್ಲಿ ಕಳೆಯಲೇಬೇಕು. ಎರಡು ಕಡೆ ಎಣಿಸಿದರೆ ನೀವೇ ಬೈಯುತ್ತೀರಿ.

ಗಾಳಿಗಿರಣಿ: ಕಳೆದಿದ್ದು ಕಾಗದದಲ್ಲಿ. ಗಾಳಿಯಲ್ಲಿ ಹೊಗೆ ಒಂದು ಗ್ರಾಂ ಕಡಿಮೆಯಾಯಿತಾ? ಇದಕ್ಕೆ ಹೌದು ಅಥವಾ ಇಲ್ಲ ಅನ್ನಿ ಸಾಕು.

ನಡುಮನೆ: ಸ್ವಲ್ಪ ನಿಲ್ಲಿ. ಕ್ಯಾಲಿಫೋರ್ನಿಯಾದಲ್ಲಿ ಹೊರ ರಾಜ್ಯದಿಂದ ತರುವ ಕರೆಂಟಿನ ಹೊಗೆಯನ್ನೂ ತರುವ ಕಂಪನಿಯ ಲೆಕ್ಕಕ್ಕೇ ಹಾಕುತ್ತಾರೆ. ಎಲ್ಲ ಕಡೆ ಹೀಗೆ ಮಾಡಿದರೆ ಈ ಜಗಳವೇ ಇರುವುದಿಲ್ಲ.

ತಂತಿಯಾಚೆ: "ಎಲ್ಲ ಕಡೆ" ಅಂತ ಹೇಳುವುದು ಸುಲಭ. ದೇಶಗಳು ಹೊಗೆಯ ವರದಿ ಕೊಡುವಾಗ ಸುಟ್ಟ ಜಾಗದ ಲೆಕ್ಕಕ್ಕೇ ಬರೆಯುತ್ತವೆ.

ಗಾಳಿಗಿರಣಿ: ಅದೇ ತಪ್ಪು ಅಂತ ಮೊದಲ ಸಾಲಿನಿಂದ ಹೇಳುತ್ತಿದ್ದೇನೆ! ಕೇಬಲ್ ಇಲ್ಲ ಅಂತ ಒಪ್ಪಿಕೊಂಡಿರಾ, ಇಲ್ಲವಾ?

ತಂತಿಯಾಚೆ: ಇದೆ ಅಂತ ನಾನು ಯಾವತ್ತೂ ಹೇಳಿಲ್ಲ.

ಟರ್ಬೈನ್ ಮೇಸ್ತ್ರಿ: ಐಸ್‌ಲ್ಯಾಂಡು ಮುಗಿಯಿತಾ? ಗಾಳಿ ನಿಂತ ರಾತ್ರಿಗೆ ಏನು ಅಂತ ಕೇಳಿದ್ದೆ.

ಸೋರಿಕೆ ಲೆಕ್ಕ: ಪೈಪಿನ ಸೋರಿಕೆಗೆ ನೀವು ಉತ್ತರ ಕೊಟ್ಟ ಮೇಲೆ ಅದಕ್ಕೆ ಬರೋಣ.