ಅಪ್‌ಡೇಟ್: 249 ಗ್ರಾಂ ಡ್ರೋನಿಗೂ ನೋಂದಣಿ ಬೇಕೇ?

ಹವ್ಯಾಸಕ್ಕಾಗಿ ಹಾರಿಸುವ 249 ಗ್ರಾಂ ತೂಕದ ಡ್ರೋನಿಗೆ ನೋಂದಣಿ ಬೇಕೇ, ರೆಕ್ಕೆಗಳಿಗೆ ಗಾರ್ಡ್ (ರಕ್ಷಣಾ ಚೌಕಟ್ಟು) ಹಾಕಿದರೆ ಅದರ ತೂಕದ ವರ್ಗ ಬದಲಾಗುತ್ತದೆಯೇ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದಗಳು.

2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂವರೆಗಿನದು ನ್ಯಾನೊ, ಅದಕ್ಕಿಂತ ಹೆಚ್ಚಾಗಿ 2 ಕಿಲೋವರೆಗಿನದು ಮೈಕ್ರೊ. ಆದರೆ ಇಲ್ಲಿ ಲೆಕ್ಕಕ್ಕೆ ಬರುವುದು ಪೆಟ್ಟಿಗೆಯ ಮೇಲೆ ಅಚ್ಚಾದ ಅಂಕಿಯಲ್ಲ, ಡ್ರೋನು ಹೊತ್ತೊಯ್ಯುವ ಭಾರವೂ ಸೇರಿದ ಗರಿಷ್ಠ ಒಟ್ಟು ತೂಕ. ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಗಾರ್ಡ್ ಸಮೇತ ಇಟ್ಟು ನೋಡಿದೆ; ನನ್ನದು ಮೈಕ್ರೊ ಆಗಿಬಿಟ್ಟಿತು. ಹಾಗಾದರೂ ದೊಡ್ಡ ನಷ್ಟವೇನಿಲ್ಲ, ಏಕೆಂದರೆ ವಾಣಿಜ್ಯೇತರ ಬಳಕೆಗೆ ಮೈಕ್ರೊ ಡ್ರೋನಿಗೂ ಪೈಲಟ್ ಪ್ರಮಾಣಪತ್ರದ ಅಗತ್ಯವಿಲ್ಲ. ನೋಂದಣಿಯ ಮಾತು ಬೇರೆ: ಕಡಿಮೆ ತೂಕವೆಂಬ ಕಾರಣಕ್ಕೇ, ನೋಂದಣಿ ಮಾಡಿಸಿದಾಗ ಡ್ರೋನಿಗೆ ಸಿಗುವ ವಿಶಿಷ್ಟ ಗುರುತಿನ ಸಂಖ್ಯೆಯಿಂದ ವಿನಾಯಿತಿ ಸಿಗುವುದಿಲ್ಲ. ಅಂಗಡಿಯವರು ಹೇಳುವ ‘ಇದಕ್ಕೇನೂ ಬೇಡ ಸಾರ್’ ಎಂಬ ಮಾತನ್ನು ಆ ಮಟ್ಟಿಗೆ ನಂಬುವಂತಿಲ್ಲ. ಸಂಖ್ಯೆಗೆ ನಿಗದಿಯಾದ ಶುಲ್ಕ 100 ರೂಪಾಯಿ, ನಿಯಮ ಮೀರಿದರೆ ದಂಡ ಒಂದು ಲಕ್ಷದವರೆಗೆ.

ಬೆಂಗಳೂರಿನಲ್ಲಿರುವ ನನಗೆ ತೂಕಕ್ಕಿಂತ ತೊಡಕಾಗಿರುವುದು ಜಾಗ. ಹಸಿರು ವಲಯದಲ್ಲಿ, ಅಂದರೆ ನಿರ್ಬಂಧವಿಲ್ಲದ ವಾಯುಪ್ರದೇಶದಲ್ಲಿ, 400 ಅಡಿಯವರೆಗೆ ಅನುಮತಿ ಕೇಳದೆ ಹಾರಿಸಬಹುದು, ವಿಮಾನ ನಿಲ್ದಾಣದ ಸುತ್ತಲಿನ 8ರಿಂದ 12 ಕಿಲೋಮೀಟರ್ ಪಟ್ಟಿಯಲ್ಲಿ ಆ ಮಿತಿ 200 ಅಡಿಗೆ ಇಳಿಯುತ್ತದೆ. ಎಚ್‌ಎಎಲ್, ಯಲಹಂಕ, ಜಕ್ಕೂರು, ದೇವನಹಳ್ಳಿ ಎಂದು ಊರಿನ ವಿಮಾನ ನೆಲೆಗಳನ್ನು ಎಣಿಸುತ್ತ ಹೋದರೆ ನಗರದೊಳಗೆ ಉಳಿಯುವ ಆಕಾಶ ಅಷ್ಟಕ್ಕಷ್ಟೆ. ಗಾರ್ಡ್ ತೆಗೆಯುವುದಿಲ್ಲ, ನೋಂದಣಿಗೆ ಅರ್ಜಿ ಹಾಕುತ್ತಿದ್ದೇನೆ.